ಹಿಂದಿನ ಸೀಟಿಗೆ ಗೊತ್ತಾಗದಂತೆ

ಬಸ್ಸಿನಲ್ಲಿ ನನ್ನ ಪಕ್ಕ ಕೂರುವವರಿಗೆ ಒಂದು ತೊಂದರೆ ತಪ್ಪಿದ್ದಲ್ಲ. ಡ್ರೈವರು ಗೇರು ಬದಲಿಸಬೇಕಾದ ಹೊತ್ತಿಗೆ ನನ್ನ ಎಡಗಾಲು ತಾನಾಗಿಯೇ ಕೆಳಕ್ಕೆ ಒತ್ತುತ್ತದೆ. ಒತ್ತುವ ಜಾಗದಲ್ಲಿ ನೆಲವೇ ಇರಬೇಕೆಂದಿಲ್ಲ. ಯಾರದೋ ಚಪ್ಪಲಿ ಇರಬಹುದು, ಯಾರದೋ ಸೊಪ್ಪಿನ ಗಂಟು, ಒಮ್ಮೆಯಂತೂ ಕೋಳಿಯಿದ್ದ ಬುಟ್ಟಿ. ಈಚೆಗೆ ಪಾವಗಡದ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಪಾದವನ್ನೇ ತುಳಿದೆ.

"ಏನಮ್ಮೋ, ಕಣ್ ಕಾಣಾಕಿಲ್ವಾ? ಕಾಲೈತೆ ಇಲ್ಲಿ!" ಎಂದು ಆಕೆ ರೇಗಿದಳು.

ತಪ್ಪಾಯಿತು ಎಂದೆ. ಮುಂದಿನ ಏರಿನಲ್ಲಿ ಮತ್ತೆ ತುಳಿದೆ. ಆಕೆ ಎದ್ದು, ತನ್ನ ಗಂಟನ್ನೂ ಎತ್ತಿಕೊಂಡು, ಉಳಿದ ದಾರಿಯನ್ನು ನಿಂತುಕೊಂಡೇ ಕಳೆದಳು. ನನ್ನ ಕೇಳಿದರೆ ತಪ್ಪು ಡ್ರೈವರನದು. ಬಸ್ಸು ಮುಲುಗುತ್ತಿದೆ, ಕಿಟಕಿಯ ಗಾಜೆಲ್ಲ ನಡುಗುತ್ತಿದೆ, ಆತ ಮಾತ್ರ ಮೂರನೆಯ ಗೇರು ಬಿಟ್ಟು ಇಳಿಯಲಾರೆನೆಂದು ಹಟ ಹಿಡಿದವನಂತೆ ಕೂತಿದ್ದ. ನನ್ನ ವಯಸ್ಸಿನ ಹೆಂಗಸರಿಗೆ ಮಂಡಿನೋವಿರುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ. ನನಗಿರುವುದು ಇದು. "ಬೇರೆಯವರಿಗೆ ಮೈಮೇಲೆ ದೇವರು ಬರ್ತದೆ, ಇವಳಿಗೆ ಕ್ಲಚ್ಚು ಬರ್ತದೆ" ಎಂದು ನನ್ನ ಗಂಡ ನೆಂಟರ ಮುಂದೆಲ್ಲ ಹೇಳಿ ನಗುತ್ತಾರೆ. ನಾನೂ ನಗುತ್ತೇನೆ. ಎಲ್ಲಿ ಕಲಿತೆ, ಹೇಗೆ ಕಲಿತೆ ಎಂಬುದನ್ನು ನೆಂಟರು ಕೇಳುವುದಿಲ್ಲ. ಕೇಳಿದ್ದರೆ ನಗು ನಿಲ್ಲುತ್ತಿತ್ತು.

ಕಲಿಸಿದವನು ನಮ್ಮಪ್ಪ. ಮಿಡಿಗೇಶಿಯ ಡ್ರೈವರ್ ಕರಿಯಣ್ಣ ಎಂದರೆ ಎಪ್ಪತ್ತರ ದಶಕದಲ್ಲಿ ಮಧುಗಿರಿಯಿಂದ ಪಾವಗಡದವರೆಗೆ ತಿಳಿಯದವರು ಕಡಿಮೆ. ತಿಳಿದವರಲ್ಲಿ ಅವನನ್ನು ಕಂಡು ಸಂತೋಷಪಡುವವರು ಇನ್ನೂ ಕಡಿಮೆ. ಅವನು ಕೆಟ್ಟವನೆಂದಲ್ಲ. ಅವನ ಕಾರು ಒಂದು ಮನೆಯ ಮುಂದೆ ನಿಂತಿದೆ ಎಂದರೆ ಆ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದೇ ಅರ್ಥ.

ನಮ್ಮದು ಕುರಿ ಸಾಕುವ ಮನೆತನ. ಅಪ್ಪ ಆ ಕೆಲಸಕ್ಕೆ ಹುಟ್ಟಿದವನಲ್ಲ. ಮಿಡಿಗೇಶಿ ಬೆಟ್ಟದ ಬುಡದಲ್ಲಿ ಮಂದೆ ಬಿಟ್ಟುಕೊಂಡು ಕೂತವನು ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತ ಮೈಮರೆತು ತೋಳಕ್ಕೆ ಕುರಿ ಕೊಟ್ಟನಂತೆ. ತಾತ ಕೋಲು ತೆಗೆದುಕೊಂಡ. ಅಪ್ಪ ಓಡಿದವನು ಸಿರಾದಲ್ಲಿ ನಿಂತ. ಅಲ್ಲೊಬ್ಬ ಲಾರಿ ಉಸ್ತಾದರು ಅವನನ್ನು ಇಟ್ಟುಕೊಂಡು ಕೆಲಸ ಕಲಿಸಿದರು. ಗೇರು ತಪ್ಪಿದಾಗಲೆಲ್ಲ ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೆ ಕುಟ್ಟಿ, "ಸುನ್ ರೇ ಸುನ್, ಗಾಡಿ ಬಾತ್ ಕರ್ತೀ!" ಎನ್ನುತ್ತಿದ್ದರಂತೆ. ಬಂಡಿ ಮಾತಾಡುತ್ತದೆ, ಕೇಳಿಸಿಕೊ ಎಂದು. ಅಪ್ಪ ಅದನ್ನು ಹೇಳುವಾಗ ಬಲಗೈಯಿಂದ ಎಡಗೈಯ ಗೆಣ್ಣುಗಳನ್ನು ಸವರಿಕೊಳ್ಳುತ್ತಿದ್ದ. ಹಾಗೆ ಕಲಿತು, ಊರೂರು ಓಡಿಸಿ, ಕಡೆಗೊಂದು ದಿನ ಯಾರೋ ಸಾಹುಕಾರರು ಓಡಿಸಿ ಸವೆಸಿದ ಬೂದು ಬಣ್ಣದ ಅಂಬಾಸಿಡರ್ ಕಾರಿನೊಂದಿಗೆ ಊರಿಗೆ ಮರಳಿದ. ತಾತ ಕಾರಿನ ಸುತ್ತ ಒಂದು ಸುತ್ತು ಬಂದು, "ಇದುಕ್ ಮೇವೇನ್ಲಾ?" ಎಂದು ಕೇಳಿ ಒಳಗೆ ಹೋದನಂತೆ. ಅಷ್ಟಕ್ಕೆ ರಾಜಿಯಾಯಿತು.

ಹೊಸದರಲ್ಲಿ ಅಪ್ಪ ಮದುವೆಗಳ ಕನಸು ಕಂಡಿದ್ದ. ಹೂವಿನ ಹಾರ ಹಾಕಿದ ಕಾರು, ಹಿಂದಿನ ಸೀಟಿನಲ್ಲಿ ಹೆಣ್ಣು ಗಂಡು. ಅಂಥ ಬಾಡಿಗೆಯೂ ಸಿಗಲಿಲ್ಲವೆಂದಲ್ಲ. ಮಾರನೆಯ ಬೆಳಿಗ್ಗೆ ನಾನು ಸೀಟಿನ ಸಂದಿಯಲ್ಲಿ ಕೈ ಹಾಕಿ ಬಾಡಿದ ಮಲ್ಲಿಗೆ ಹೆಕ್ಕಿದ್ದು ನೆನಪಿದೆ. ಆದರೆ ನಮ್ಮ ಕಡೆಯ ಜನ ಮದುವೆಗೆ ಲಾರಿ ಮಾಡುತ್ತಿದ್ದರು, ಸಂತೆಗೆ ಬಸ್ಸು ಹತ್ತುತ್ತಿದ್ದರು, ನೆಂಟರ ಮನೆಗೆ ನಡೆದೇ ಹೋಗುತ್ತಿದ್ದರು. ಅವರಿಗೆ ಕಾರು ನೆನಪಾಗುತ್ತಿದ್ದುದು ಒಬ್ಬರನ್ನು ಮಲಗಿಸಿಕೊಂಡು ಹೋಗಬೇಕಾದಾಗ. ಹೆರಿಗೆ ಕಷ್ಟವಾದವರು, ಹಾವು ಕಚ್ಚಿದವರು, ಹುಣಸೆಮರದಿಂದ ಬಿದ್ದವರು, ಬೆಳೆಗೆ ಹೊಡೆಯುವ ಔಷಧಿ ಕುಡಿದವರು. ಎಲ್ಲರೂ ಆ ಹಿಂದಿನ ಸೀಟಿನಲ್ಲಿ ಮಂಡಿ ಮಡಿಸಿಕೊಂಡು, ಯಾರದೋ ತೊಡೆಯ ಮೇಲೆ ತಲೆಯಿಟ್ಟು, ಮಧುಗಿರಿಗೋ ತುಮಕೂರಿಗೋ ಹೋದರು. ಮಲಗಿಕೊಂಡು ಹೋದವರಲ್ಲಿ ಹಲವರು ಬರುವಾಗ ಕೂತು ಬಂದರು. ಕೂತು ಬಂದವರೆಲ್ಲ ಬದುಕಿ ಬಂದವರೆಂದು ತಿಳಿಯಬೇಡಿ. ಸತ್ತವರನ್ನು ಇಬ್ಬರು ನೆಂಟರ ನಡುವೆ ಕೂರಿಸಿ, ತಲೆಗೆ ಟವಲು ಸುತ್ತಿ, ಭುಜ ಹಿಡಿದುಕೊಂಡು ತರುವುದೇ ಆಗಿನ ರೂಢಿ.

ಅಂಥ ಬಾಡಿಗೆ ಮುಗಿಸಿ ಬಂದ ದಿನ ಅಪ್ಪ ಕಾರನ್ನು ಹಿತ್ತಲಿಗೆ ತಂದು ನಿಲ್ಲಿಸಿ, ನೇರ ಸ್ನಾನಕ್ಕೆ ಹೋಗುತ್ತಿದ್ದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಲ್ಕೂ ಬಾಗಿಲು ತೆರೆದು ಹಿಂದಿನ ಸೀಟನ್ನು ಅರಿಸಿನದ ನೀರಿನಲ್ಲಿ ಉಜ್ಜುತ್ತಿದ್ದಳು. ಅಮ್ಮನಿಗೂ ಕಾರಿಗೂ ಇದ್ದ ಸಂಬಂಧ ಅಷ್ಟೇ. ಅವಳು ಅದರಲ್ಲಿ ಕೂತದ್ದನ್ನು ನಾನು ಕಂಡದ್ದು ಬಹಳ ಅಪರೂಪ. "ವಾಸ್ನೆ ಹೋಗಾಕಿಲ್ಲ" ಎನ್ನುವಳು. ನನಗೆ ಎಂದೂ ಪೆಟ್ರೋಲಿನ ವಾಸನೆ ಬಿಟ್ಟು ಬೇರೆ ಬಡಿಯಲಿಲ್ಲ. ಆದರೆ ಸ್ಕೂಲಿನಲ್ಲಿ ನನ್ನ ಹೆಸರು ‘ಹೆಣದ್ ಕಾರ್ ಲಚ್ಚಿ’ ಎಂದೇ ಇತ್ತು. ಹಾಜರಿ ಪುಸ್ತಕದ ಲಕ್ಷ್ಮೀದೇವಿ ಯಾರೆಂದು ಮೇಷ್ಟ್ರು ಒಂದೆರಡು ಸಲ ತರಗತಿಯನ್ನೆಲ್ಲ ನೋಡಬೇಕಾಯಿತು.

ನಾನು ಪಿ.ಯು.ಸಿ. ಇಂಗ್ಲಿಷಿನಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದ ವರ್ಷ ಅಪ್ಪನ ಬಾಳಿನಲ್ಲೊಂದು ಘಟನೆ ನಡೆಯಿತು. ವೈ.ಎನ್.ಹೊಸಕೋಟೆಯ ಕಡೆಯಿಂದ ಒಬ್ಬ ಬಸುರಿಯನ್ನು ಮಧುಗಿರಿಗೆ ಕರೆದುಕೊಂಡು ಬರುತ್ತಿದ್ದ. ಆಕೆಗೆ ನೋವು ಶುರುವಾಗಿ ಬಹಳ ಹೊತ್ತಾಗಿತ್ತು. ಜೊತೆಗಿದ್ದ ಅತ್ತೆ ಆ ಕಡೆಯವರ ಹಾಗೆ ತೆಲುಗಿನಲ್ಲಿ, "ಮೆಲ್ಲಗಾ ಪೋನೀ ಅನ್ನಾ, ಮೆಲ್ಲಗಾ" ಎಂದು, ನಿಧಾನ ನಿಧಾನ ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಿದ್ದಳಂತೆ. ಪಾವಗಡ ದಾಟಿ ಬಯಲಿಗೆ ಬಂದಾಗ ಅಪ್ಪನ ಎದೆಯ ಮೇಲೆ ಯಾರೋ ಚಪ್ಪಡಿ ಹೊರಿಸಿದಂತಾಯಿತು. ಎಡತೋಳು ಸತ್ತ ಹಾಗೆ ಜೋತುಬಿತ್ತು. ಹೇಗೋ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟ. ಹಿಂದೆ ಬಸುರಿ ಕೂಗುತ್ತಿದ್ದಾಳೆ, ಮುಂದೆ ಡ್ರೈವರು ಉಸಿರಿಗಾಗಿ ಒದ್ದಾಡುತ್ತಿದ್ದಾನೆ, ಜೊತೆಯಲ್ಲಿದ್ದ ಯಾರಿಗೂ ಆ ಯಂತ್ರವನ್ನು ಒಂದು ಮಾರು ಮುಂದಕ್ಕೆ ಒಯ್ಯಲು ಬಾರದು. ಕಡಲೆಕಾಯಿ ಮೂಟೆ ಹೇರಿಕೊಂಡು ಬಂದ ಲಾರಿಯೊಂದು ನಿಂತು, ಆಕೆಯನ್ನು ಮೂಟೆಗಳ ಮೇಲೆ ಮಲಗಿಸಿಕೊಂಡು ಹೋಯಿತು. ಅಪ್ಪ ಮರದ ಕೆಳಗೆ ಸುಧಾರಿಸಿಕೊಂಡು ಸಂಜೆ ಮನೆ ಸೇರಿದ.

ಆ ಬಸುರಿಯ ಗತಿ ಏನಾಯಿತೆಂದು ನಮಗೆ ತಿಳಿಯದು. ಅಪ್ಪ ಆ ಕಡೆಗೆ ಆಮೇಲೆ ಎಷ್ಟೋ ಸಲ ಹೋದ. ವಿಚಾರಿಸಲಿಲ್ಲ. ಅಮ್ಮ ಒಮ್ಮೆ, "ಕೇಳ್ಕೊಂಡ್ ಬರ್ಬಾರ್ದಾ?" ಎಂದಾಗ, "ಕೇಳಿದ್ರೆ ಹೇಳ್ಬುಡ್ತಾರೆ" ಎಂದ.

ಅದಾದ ಮೇಲೆ ಒಂದು ದಿನ ಊಟ ಮಾಡುತ್ತ ನನ್ನ ಕಡೆ ತಿರುಗಿದ.

"ಲಚ್ಚೀ, ಬೆಳಿಗ್ಗೆ ಕೆರೆ ಅಂಗಳಕ್ಕೆ ಬಾ. ಬಂಡಿ ಕಲ್ತ್ಕೊ."

ಅಮ್ಮ ಮುದ್ದೆ ಇಡುತ್ತಿದ್ದ ಕೈ ಹಾಗೇ ನಿಲ್ಲಿಸಿದಳು. "ಹೆಣ್ ಮಗೀಗೆ ಬಂಡಿ ಯಾಕೆ? ಊರೋರು ಏನಂತಾರೆ? ನಾಳೆ ಇವಳ್ನ ಮದ್ವೆ ಆಗೋರು ಯಾರು?"

"ಮದ್ವೆ ಆಗೋನು ಬಸ್ಸಲ್ ಕೂತ್ಕೊಂಡ್ ಬತ್ತಾನೆ ಬುಡು. ಮಲಿಕ್ಕೊಂಡಿರೋರ್ನ ಕರ್ಕೊಂಡೋಗೋರ್ ಯಾರು?"

ಅಮ್ಮ ಮುದ್ದೆಯನ್ನು ಅವನ ತಟ್ಟೆಗಿಟ್ಟು ಒಲೆಯ ಕಡೆ ತಿರುಗಿದಳು. ನನ್ನನ್ನು ಕೇಳಿದ್ದರೆ ಭಯ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ಕೆರೆ ಬತ್ತಿ ಅಂಗಳ ಸಿಮೆಂಟಿನ ಹಾಗೆ ಗಟ್ಟಿಯಾಗಿದ್ದ ಕಾಲ. ಈಗಿನ ಕಾರುಗಳ ಹಾಗೆ ಆ ಕಾರಿನ ಗೇರು ಸೀಟಿನ ಪಕ್ಕದಲ್ಲಿರಲಿಲ್ಲ. ಸ್ಟೀರಿಂಗಿನ ಕೆಳಗಿನಿಂದ ಒಂದು ಕಡ್ಡಿ ಎಡಗೈಗೆ ಸಿಗುವಂತೆ ಹೊರಟಿತ್ತು. ಅದನ್ನು ಎಳೆದು, ತಳ್ಳಿ, ಏರಿಸಿ, ಇಳಿಸಿ ಮಾಡಬೇಕು. ಕಾಲಲ್ಲಿ ಕ್ಲಚ್ಚು ಒತ್ತುವುದು, ಕೈಯಲ್ಲಿ ಕಡ್ಡಿ ಹುಡುಕುವುದು, ಕಣ್ಣಲ್ಲಿ ದಾರಿ ನೋಡುವುದು, ಇವು ಮೂರೂ ನನ್ನಲ್ಲಿ ಒಂದಾಗಿ ಕೂಡಲೇ ಇಲ್ಲ. ಮೊದಲ ವಾರ ಕಾರು ಮುಂದಕ್ಕೆ ಹೋದದ್ದಕ್ಕಿಂತ ಕುಪ್ಪಳಿಸಿದ್ದೇ ಹೆಚ್ಚು. ದಡದ ಮೇಲೆ ಕುರಿ ಕಾಯುತ್ತಿದ್ದ ಅಜ್ಜಿ, ಅಪ್ಪನ ತಾಯಿ, ಬೊಚ್ಚುಬಾಯಿ ತೆರೆದು, "ಕಪ್ಪೆ ಹೋದಂಗ್ ಹೋಯ್ತದಲ್ಲೇ!" ಎಂದು ನಕ್ಕು ನಕ್ಕು ಕೆಮ್ಮಿದಳು. ಕುರಿಗಳು ಮಾತ್ರ ನಗಲಿಲ್ಲ. ಕಾರಿನ ಸದ್ದು ಕೇಳಿದರೆ ಅವು ಕೆರೆಯ ಏರಿ ಹತ್ತಿ ನಿಲ್ಲುವುದನ್ನು ಬೇಗ ಕಲಿತವು.

ನನ್ನ ದೊಡ್ಡ ಕಾಯಿಲೆ ಎಂದರೆ ಯಾವಾಗ ಬದಲಿಸಬೇಕೆಂದು ತಿಳಿಯದಿದ್ದುದು. ಹೇಗೆ ಎಂಬುದು ನಾಲ್ಕು ದಿನದಲ್ಲಿ ಕೈಗೆ ಬಂತು. ಯಾವಾಗ ಎಂಬುದು ಬರಲಿಲ್ಲ. ಅಪ್ಪನನ್ನು ಕೇಳಿದೆ, ಮೀಟರಿನ ಮುಳ್ಳು ಎಲ್ಲಿಗೆ ಬಂದಾಗ ಹಾಕಬೇಕು ಎಂದು. ಮುಳ್ಳು ಕೆಟ್ಟು ವರ್ಷಗಳಾಗಿದ್ದವು.

"ಕೈ ನೋಡ್ಬ್ಯಾಡ. ಗೇರು ಎಲ್ಲಿಗೂ ಓಡೋಗಾಕಿಲ್ಲ. ಕೇಳು."

"ಏನ್ ಕೇಳ್ಲಪ್ಪ?"

"ಬಂಡಿ ಉಬ್ಸ ಪಡ್ತೈತಾ, ಅರಚ್ತೈತಾ? ಉಬ್ಸ ಪಟ್ರೆ ಕೆಳಗಿನ್ ಗೇರ್ಗೆ ಇಳ್ಸು. ಅರಚ್ಕೊಂಡ್ರೆ ಮ್ಯಾಲಿನ್ ಗೇರ್ಗೆ ಏರ್ಸು. ಅಷ್ಟೇಯಾ."

ಅಷ್ಟೇ ಎಂದು ಅವನು ಹೇಳಿದ್ದು ನನಗೆ ಹತ್ತಲು ಎರಡು ತಿಂಗಳು ಹಿಡಿಯಿತು. ನಾನು ಹೆದರಿ ಹೆದರಿ ಬೇಗ ಏರಿಸುತ್ತಿದ್ದೆ, ಇಂಜಿನು ಗಂಟಲು ಕಟ್ಟಿ ನಿಂತುಬಿಡುತ್ತಿತ್ತು. ಬೈಸಿಕೊಂಡು ಮರುದಿನ ತಡ ಮಾಡುತ್ತಿದ್ದೆ, ಬೆಟ್ಟಕ್ಕೆ ಕೇಳುವಂತೆ ಕಿರುಚುತ್ತಿತ್ತು. ಅಪ್ಪ ಉಸ್ತಾದರ ಹಾಗೆ ಸ್ಪ್ಯಾನರು ಎತ್ತಲಿಲ್ಲ. ನಾಲಗೆಯಲ್ಲಿ ‘ಚ್’ ಎನ್ನುತ್ತಿದ್ದ. ಸ್ಪ್ಯಾನರೇ ವಾಸಿ ಎನಿಸುತ್ತಿತ್ತು.

ಕಾರು ಒಂದು ಹದಕ್ಕೆ ಬಂದ ಮೇಲೆ ಅವನು ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಮಂಡಿ ಮಡಿಸಿಕೊಂಡು ಮಲಗಿದ.

"ಇವಾಗ ನಾನ್ ಪೇಷಂಟು. ನಡಿ."

ನನಗೆ ನಗು ಬಂತು. ಅವನು ನಗಲಿಲ್ಲ. ಕಣ್ಣು ಮುಚ್ಚಿಕೊಂಡು, "ನೀನ್ ಗೇರ್ ಹಾಕಿದ್ದು ನಂಗ್ ಗೊತ್ತಾಗ್ಬಾರ್ದು" ಎಂದ. "ಹೊಟ್ಟೆ ಹರ್ದಿರ್ತದೆ, ಮೂಳೆ ಮುರ್ದಿರ್ತದೆ. ಬಂಡಿ ಒಂದ್ಸಲ ಜಗ್ಗಿದ್ರೆ ಅವ್ರಿಗೆ ಜೀವ ಹೋಗ್ಬಂದಂಗಾಯ್ತದೆ." ಕನ್ನಡಿಯನ್ನು ರಸ್ತೆ ಮಾತ್ರ ಕಾಣುವಂತೆ ಮೇಲಕ್ಕೆ ತಿರುಗಿಸಿಟ್ಟಿದ್ದ. "ಹಿಂದೆ ಮಲಗಿರೋರ್ ಮುಖ ನೋಡ್ಬ್ಯಾಡ. ನೋಡಿದ್ರೆ ಕಾಲು ತಂತಾನೆ ಜೋರಾಗಿ ಒತ್ತಿಬುಡ್ತದೆ."

ಹಾಗೆ ಬಹಳ ದಿನ ನಡೆಯಿತು. ನಾನು ಕೆರೆಯ ಅಂಗಳ, ಏರಿಯ ದಾರಿ, ಮಧುಗಿರಿಯ ರಸ್ತೆ ಎಂದು ಓಡಿಸುವುದು, ಅವನು ಹಿಂದೆ ಮಲಗಿ, "ಗೊತ್ತಾಯ್ತು... ಗೊತ್ತಾಯ್ತು..." ಎಂದು ಒಂದೊಂದು ಗೇರಿಗೂ ಹೇಳುತ್ತ ಬರುವುದು. ಎದುರು ಬಂದವರು ಮುಂದೆ ಹುಡುಗಿಯನ್ನೂ ಹಿಂದೆ ಮಲಗಿದ ಕರಿಯಣ್ಣನನ್ನೂ ಕಂಡು, "ಅಯ್ಯೋ, ಕರಿಯಣ್ಣಂಗೇನಾಯ್ತು?" ಎಂದು ಓಡಿಬಂದದ್ದೂ ಉಂಟು. ಅವನು ಎದ್ದು ಕೂತು ಬೀಡಿ ಕೇಳಿದಾಗ ಬೈದುಕೊಂಡು ಹೋಗುತ್ತಿದ್ದರು. ಚೆನ್ನಾಗಿ ಹಾಕಿದೆ ಎಂದು ಒಂದು ದಿನವೂ ಹೇಳಿದವನಲ್ಲ. ಸರಿಯಾದಾಗ ಸುಮ್ಮನಿರುತ್ತಿದ್ದ. ನಾನೂ ಅವನ ಸುಮ್ಮನಿರುವಿಕೆಯನ್ನೇ ಹೊಗಳಿಕೆ ಎಂದುಕೊಳ್ಳುವುದನ್ನು ಕಲಿತೆ. ತುಮಕೂರಿಗೆ ಹೋಗಿ ಲೈಸೆನ್ಸನ್ನೂ ಪಡೆದೆ. ಆದರೂ ಬಾಡಿಗೆಗೆಲ್ಲ ಅವನೇ ಹೋಗುತ್ತಿದ್ದ. ನನ್ನದೇನಿದ್ದರೂ ಅವನು ಪಕ್ಕದಲ್ಲೋ ಹಿಂದೆಯೋ ಇದ್ದಾಗ, ಮಧುಗಿರಿ ದಾಟದಂತೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು ಬೇಸಿಗೆಯಲ್ಲಿ ಆ ಚಪ್ಪಡಿ ಮತ್ತೆ ಬಂದು ಅವನ ಎದೆಯ ಮೇಲೆ ಕೂತಿತು. ಕಾಲು ಬಾತುಕೊಂಡವು, ನಾಲ್ಕು ಹೆಜ್ಜೆಗೆ ಏದುಸಿರು. ಅಪ್ಪ ತಾನೇ ಕಾರು ಓಡಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಹೋಗಿ ಸೇರಿದ. ನಾನು ಪಕ್ಕದಲ್ಲಿ, ಅಮ್ಮ ಹಿಂದೆ. ನಾನು ಓಡಿಸುತ್ತೇನೆಂದರೂ ಬಿಡಲಿಲ್ಲ. ಕಾರು ಆಸ್ಪತ್ರೆಯ ಬೇವಿನ ಮರದ ಕೆಳಗೆ ಎಲೆ ಉದುರಿಸಿಕೊಂಡು ನಿಂತಿತ್ತು. ಕೆಲವು ದಿನಗಳ ಮೇಲೆ ದೊಡ್ಡ ಡಾಕ್ಟರು ಅಮ್ಮನನ್ನು ಬಾಗಿಲ ಬಳಿ ಕರೆದು, "ಮನೆಗೆ ಕರ್ಕೊಂಡು ಹೋಗಿ. ಏನು ಇಷ್ಟಪಡ್ತಾರೋ ಕೊಡಿ" ಎಂದರು. ಒಳ್ಳೆಯ ಮನುಷ್ಯ, ಹೇಳುವಾಗ ಅಮ್ಮನ ಮುಖವನ್ನೇ ನೋಡಿ ಹೇಳಿದರು.

ಅಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಮಾತು ಕೇಳಿಸಿಕೊಂಡ ಎಷ್ಟೋ ಜನರನ್ನು ಅವನೇ ಮನೆಗೆ ತಂದು ಬಿಟ್ಟಿದ್ದ. ಅಮ್ಮ, "ಇಲ್ಲೇ ಯಾರಾದ್ರೂ ಡ್ರೈವರ್ನ ಕೇಳಾನ" ಎಂದಾಗ ಬೇಡವೆಂದು ತಲೆಯಾಡಿಸಿದ.

"ಯಾಕೆ? ಲಚ್ಚಿ ಇಲ್ವಾ?"

"ಅಪ್ಪಾ, ಇಷ್ಟ್ ದೂರ ನಾನು..."

"ಕೇಳಿಸ್ಕೊಂಡ್ ಓಡ್ಸು. ನಮ್ಮವ್ವ ಕಾಯ್ತಿರ್ತಾಳೆ, ಉಸ್ರಿರೋವಾಗ ಮುಟ್ಟುಸ್ಬುಡು ನನ್ನ."

ಮಧ್ಯಾಹ್ನದ ಬಿಸಿಲು. ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿ ಅಪ್ಪನನ್ನು ಮಲಗಿಸಿದೆವು. ಅಮ್ಮ ಒಂದು ಮೂಲೆಯಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಸ್ಟೀರಿಂಗಿನ ಮುಂದೆ ಕೂತೆ. ಮೊದಲನೆಯ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಕಾರು ಒಮ್ಮೆ ಹಾರಿತು.

"ಗೊತ್ತಾಯ್ತು" ಎಂದಿತು ಹಿಂದಿನಿಂದ ದನಿ.

ತುಮಕೂರು ಬಿಡುವವರೆಗೆ ಒಂದೊಂದಕ್ಕೂ ಗೊತ್ತಾಯಿತು. ಸೈಕಲ್ಲು, ಜಟಕಾ, ಎದುರಿಗೆ ನುಗ್ಗುವ ಬಸ್ಸು. ಊರು ಮುಗಿದು ರಸ್ತೆ ಬಿಚ್ಚಿಕೊಂಡ ಮೇಲೆ ನನಗೆ ಇಂಜಿನು ಕೇಳಿಸತೊಡಗಿತು. ಒಂದು ಏರಿನಲ್ಲಿ ಹುಲ್ಲು ಹೇರಿದ ಗಾಡಿಗಳ ಸಾಲು ಅಡ್ಡ ಬಂದಾಗ ತಬ್ಬಿಬ್ಬಾದೆ. "ಇಳ್ಸು... ಇಳ್ಸು ಲಚ್ಚೀ... ಉಬ್ಸ ಪಡ್ತೈತೆ" ಎಂದ. ಯಾರ ಉಬ್ಬಸವೆಂದು ಒಂದು ಗಳಿಗೆ ತಿಳಿಯಲಿಲ್ಲ. ಇಳಿಸಿದೆ. ಗಾಡಿಗಳನ್ನು ದಾಟಿ ಮತ್ತೆ ಏರಿಸಿದೆ. "ಹೂಂ" ಎಂದ. ಅವನ ‘ಹೂಂ’ ಅನ್ನು ನಾನು ಮೊದಲ ಸಲ ಕೇಳಿದ್ದು ಅಂದು.

ಕೊರಟಗೆರೆ ಪೇಟೆಯಲ್ಲಿ ಜನ, ದನ, ತಳ್ಳುಗಾಡಿ. ನಿಲ್ಲಿಸು, ಹೊರಡು, ನಿಲ್ಲಿಸು. ಒಂದು ಕೋಣ ನಡುರಸ್ತೆಯಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು. ಹಾರ್ನ್ ಒತ್ತಿದರೆ ಅಪ್ಪನಿಗೆ ಬೆಚ್ಚಿಬೀಳುವಂತಾಗುತ್ತದೆಂದು, ಅದು ತಾನಾಗಿ ಸರಿಯುವವರೆಗೆ ಕಾದೆ. ಮೊದಲನೆಯ ಗೇರು ಹಾಕಿ ಅಷ್ಟಷ್ಟೇ ಕಾಲು ಬಿಟ್ಟು ಹೊರಟೆ. ಸೇತುವೆ ದಾಟಿದೆ. ಎರಡು, ಮೂರು. ಹಿಂದಿನಿಂದ ಸದ್ದಿಲ್ಲ. ಮುಂದಿನ ಏರಿನಲ್ಲಿ ಇಂಜಿನಿನ ದನಿ ಒಂದಿಷ್ಟೇ ಕುಗ್ಗಿದ್ದು ಕಿವಿಗೆ ಬಿತ್ತು. ಕೈ ತಾನಾಗಿ ಇಳಿಸಿತು. ಬೆಣ್ಣೆಯಲ್ಲಿ ಕೂತ ಹಾಗೆ ಕೂತಿತು. ಅಲ್ಲಿಯವರೆಗೆ ನನ್ನ ಕೈಯಲ್ಲಿ ಅಂಥ ಗೇರು ಒಂದೂ ಬಿದ್ದಿರಲಿಲ್ಲ.

"ಅಪ್ಪಾ, ಈಗ ಗೊತ್ತಾಯ್ತಾ?" ಎಂದು ಕೂಗಿ ಕೇಳಿದೆ.

ಉತ್ತರ ಅಮ್ಮನ ದನಿಯಲ್ಲಿ ಬಂತು.

"ಇಲ್ವಂತೆ. ಗೊತ್ತೇ ಆಗ್ಲಿಲ್ವಂತೆ."

ನನಗೆ ಎಷ್ಟು ಹಿಗ್ಗಾಯಿತೆಂದು ಹೇಗೆ ಹೇಳಲಿ. ತಂದೆಯನ್ನು ಸಾಯಲು ಮನೆಗೆ ಕರೆದೊಯ್ಯುತ್ತಿರುವ ಮಗಳು ನಾನು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೊರಟಗೆರೆಯಿಂದ ಮಧುಗಿರಿಯವರೆಗಿನ ಆ ದಾರಿಯಲ್ಲಿ ನಾನು ಖುಷಿಯಾಗಿದ್ದೆ. ಹುಣಸೆಮರಗಳ ನೆರಳು ಕಾರಿನ ಮೂತಿಯ ಮೇಲೆ ಹಾದುಹೋಗುತ್ತಿತ್ತು. ಬಂಡಿಯೂ ನಾನೂ ಒಂದೇ ಉಸಿರಿನಲ್ಲಿದ್ದೆವು. ಯಾವಾಗ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಏರು ಬರುವ ಮುನ್ನವೇ ಕಾಲಿಗೆ ಗೊತ್ತಾಗುತ್ತಿತ್ತು.

ಬಯಲಿನಾಚೆ ಮಧುಗಿರಿಯ ಬಂಡೆ ಬೆಟ್ಟ ಎದ್ದು ನಿಂತದ್ದು ಕಂಡಿತು.

"ಅಮ್ಮಾ, ಇಲ್ಲಿ ಒಂದ್ಸಲ ಡಾಕ್ಟ್ರಿಗೆ ತೋರ್ಸಾನಾ?"

"ಬ್ಯಾಡ. ಮನೆಗ್ ನಡಿ."

"ನೀರಾದ್ರೂ ಕೇಳು. ಬೇಕಂತಾ?"

"ಬ್ಯಾಡ್ವಂತೆ. ನೀನು ರೋಡ್ ನೋಡ್ಕೊಂಡ್ ಓಡ್ಸು."

ಕನ್ನಡಿಯಲ್ಲಿ ಬರೀ ರಸ್ತೆ ಕಾಣುತ್ತಿತ್ತು. ಅದನ್ನು ತಿರುಗಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಪೇಟೆಯ ಗದ್ದಲವನ್ನು ಹಾದು ಪಾವಗಡದ ರಸ್ತೆಗೆ ಹೊರಳಿದೆ. ಮಿಡಿಗೇಶಿ ಹತ್ತಿರವಾದಂತೆ ರಸ್ತೆ ಕೆಟ್ಟಿತ್ತು. ಗುಂಡಿ ಬಂದಲ್ಲೆಲ್ಲ ಎರಡಕ್ಕೆ ಇಳಿಸಿ, ತೆವಳಿಸಿಕೊಂಡು ಹೋದೆ. "ಇದೂ ಗೊತ್ತಾಗ್ಲಿಲ್ವಾ?" ಎಂದು ಮತ್ತೊಮ್ಮೆ ಕೇಳಿದೆ, ಆಸೆಬುರುಕಿಯ ಹಾಗೆ. "ಇಲ್ಲ ಕಣಮ್ಮಿ" ಎಂದಳು ಅಮ್ಮ.

ಮನೆಯ ಮುಂದೆ ಅಜ್ಜಿ ಚೊಂಬು ಹಿಡಿದು ನಿಂತಿದ್ದಳು. ಬಸ್ಸಿನವರ ಕೈಲಿ ಸುದ್ದಿ ಮುಟ್ಟಿ, ಮಗನ ಬಾಯಿಗೆ ನೀರು ಬಿಡಲು ಬೆಳಗಿನಿಂದ ಕಾಯುತ್ತಿದ್ದವಳು. ಕಾರು ಅಲುಗದಂತೆ ನಿಲ್ಲಿಸಿ, ಇಂಜಿನು ಆರಿಸಿ, "ಅಪ್ಪಾ, ಬಂದ್ವಿ" ಎಂದು ಹಿಂದಕ್ಕೆ ತಿರುಗಿದೆ.

ಅಮ್ಮ ಅವನ ಟವಲನ್ನು ಗದ್ದದಡಿಯಿಂದ ಹಾಯಿಸಿ ನೆತ್ತಿಯ ಮೇಲೆ ಗಂಟು ಹಾಕಿದ್ದಳು. ಕಣ್ಣುಗಳನ್ನು ಮುಚ್ಚಿದ್ದಳು. ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟಿದ್ದಳು. ಇಷ್ಟನ್ನೂ ನನ್ನ ಬೆನ್ನ ಹಿಂದೆ, ನಾನು ಗೇರು ಬದಲಿಸುತ್ತ ಹಿಗ್ಗುತ್ತಿದ್ದಾಗ, ಒಂದು ಬಿಕ್ಕಳಿಕೆಯೂ ಕೇಳಿಸದಂತೆ ಮಾಡಿ ಮುಗಿಸಿದ್ದಳು.

"ಅತ್ತೇ, ನೀರ್ ಒಳಗಿಡಿ" ಎಂದಳು.

ಅಜ್ಜಿ ಒಳಗಿಡಲಿಲ್ಲ. ಕಾರಿನ ಬಾಗಿಲಲ್ಲೇ ಕೂತು, ಕಟ್ಟಿದ ಗದ್ದದ ಮೇಲೆಯೇ ತುಟಿಗೆ ನೀರು ಬಿಟ್ಟಳು. ಅದು ಕೆನ್ನೆಯ ಮೇಲೆ ಹರಿದು ಅಮ್ಮನ ಸೀರೆಗೆ ಇಳಿಯಿತು. ಆಮೇಲೆ ಜನ ಬಂದರು, ಇಳಿಸಿದರು. ನಾನು ಸ್ಟೀರಿಂಗು ಬಿಡದೆ ಕೂತೇ ಇದ್ದೆನಂತೆ. ಯಾರೋ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕರೆದುಕೊಂಡು ಹೋದರು.

ಬಹಳ ದಿನ ನಾನು ಅಮ್ಮನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟು ಯಾವುದಕ್ಕೆಂದು ನನಗೇ ಹೇಳಲು ಬರುತ್ತಿರಲಿಲ್ಲ. ಸುಳ್ಳು ಹೇಳಿದ್ದಕ್ಕೋ, ಅಷ್ಟು ಚೆನ್ನಾಗಿ ಹೇಳಿದ್ದಕ್ಕೋ. ಕಾರು ಹಿತ್ತಲಿನಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಮಾರಿಬಿಡಿ ಎಂದು ನೆಂಟರು ಹೇಳಿಹೋದರು.

ಒಂದು ಬೆಳಿಗ್ಗೆ ಐ.ಡಿ.ಹಳ್ಳಿ ಕಡೆಯವನೊಬ್ಬ ಸೈಕಲ್ಲು ತುಳಿದುಕೊಂಡು ಬಂದು ಬಾಗಿಲಲ್ಲಿ ನಿಂತ. ಬೆವರು ಸುರಿಯುತ್ತಿತ್ತು.

"ಡ್ರೈವರ್ ಕರಿಯಣ್ಣನ ಮನೆ ಇದೇಯೇನವ್ವ? ನಮ್ಮಪ್ಪನ್ನ ಹೋರಿ ತಿವಿದ್ಬುಟ್ಟೈತೆ."

"ಅಪ್ಪ ತೀರ್ಕೊಂಡ್ರು" ಎಂದೆ.

"ಗೊತ್ತು ಕಣವ್ವ. ಬಂಡಿ ಐತಲ್ಲ? ನೀನು ಓಡುಸ್ತೀಯಂತಲ್ಲ?"

ಹಿತ್ತಲಿನಲ್ಲಿ ಸರಬರ ಸದ್ದಾಯಿತು. ಹೋಗಿ ನೋಡಿದರೆ ಅಮ್ಮ ಆಗಲೇ ತಾಟು ಎಳೆದು, ಸೀಟಿನ ಮೇಲಿನ ಧೂಳು ಬಡಿಯುತ್ತಿದ್ದಳು. ಬೀಗದ ಕೈ ನನ್ನ ಕೈಗಿಟ್ಟಳು. ಅವನ ಊರಿಗೆ ಹೋಗಿ ಮುದುಕನನ್ನು ಮಲಗಿಸಿಕೊಂಡೆ, ಹೊಟ್ಟೆಗೆ ಬಟ್ಟೆ ಒತ್ತಿ ಹಿಡಿದುಕೊಂಡು ಮಗ ಹಿಂದೆ ಕೂತ. ಮಧುಗಿರಿಯವರೆಗೆ ಮುದುಕ ನರಳಿದನೇ ಹೊರತು ಕೂಗಲಿಲ್ಲ. ಬದುಕಿದ. ಊರಿಗೆ ಮರಳುವಾಗ ಕೂತುಕೊಂಡು ಬಂದ, ದಾರಿಯುದ್ದಕ್ಕೂ ಆ ಹೋರಿಯ ವಂಶವನ್ನೆಲ್ಲ ಬೈಯುತ್ತ.

ಆಮೇಲೆ ನನ್ನ ಮದುವೆಯಾಗುವವರೆಗೂ ಆ ಕಾರನ್ನು ಓಡಿಸಿದೆ. ಮದುವೆಯ ಬಾಡಿಗೆಗೆ ನನ್ನನ್ನು ಯಾರೂ ಕರೆಯಲಿಲ್ಲ. ಹುಡುಗಿ ಓಡಿಸುವ ಕಾರಿನಲ್ಲಿ ಹೆಣ್ಣನ್ನು ಕಳಿಸುವುದು ಶುಭವಲ್ಲವೆಂದರು. ನರಳುವವರಿಗೆ ಆ ಯೋಚನೆ ಇರಲಿಲ್ಲ. ಅವರೆಲ್ಲ ಬದುಕಲಿಲ್ಲ. ಇಬ್ಬರ ನಡುವೆ ಕೂತು ತಲೆಗೆ ಟವಲು ಸುತ್ತಿಕೊಂಡು ಬಂದವರನ್ನೂ ಮನೆ ಮುಟ್ಟಿಸಿದ್ದೇನೆ.

ಅಮ್ಮನನ್ನು ಕೇಳಿದ್ದು ಒಂದೇ ಸಲ. ಆ ವರ್ಷ ಮಳೆ ಹದವಾಗಿತ್ತು, ಕಡಲೆಕಾಯಿ ಚೆನ್ನಾಗಿ ಬಂದಿತ್ತು. ಇಬ್ಬರೂ ಅಂಗಳದಲ್ಲಿ ಗಿಡದಿಂದ ಕಾಯಿ ಬಿಡಿಸುತ್ತ ಕೂತಿದ್ದೆವು.

"ಅಮ್ಮಾ, ಅವತ್ತು ಎಲ್ಲಿ?" ಎಂದೆ.

ಏನು ಎಲ್ಲಿ ಎಂದು ಅವಳು ಕೇಳಲಿಲ್ಲ. ಕೈ ಕೆಲಸ ಬಿಡದೆ ಹೇಳಿದಳು. "ಕೊರಟಗೆರೇಲಿ. ನೀನು ಕೋಣ ಸರೀಲಿ ಅಂತ ನಿಲ್ಸಿದ್ದೆ ನೋಡು, ಅವಾಗ. ನನ್ ಕೈ ಹಿಡ್ಕೊಂಡಿದ್ದು ಸಡ್ಲ ಆಯ್ತು."

"ಅಲ್ಲೇ ಹೇಳ್ಬಾರ್ದಿತ್ತಾ?"

"ಹೇಳಿ? ನೀನು ಅತ್ಕೊಂಡು ಓಡ್ಸಿದ್ರೆ ಬಂಡಿ ಎಗರಾಡ್ತಿತ್ತು. ತಲೆ ನನ್ ತೊಡೆ ಮ್ಯಾಲಿತ್ತು."

ಅವಳು ಬಿಡಿಸಿದ ಗಿಡವನ್ನು ಪಕ್ಕಕ್ಕೆಸೆದು ಇನ್ನೊಂದನ್ನು ಎಳೆದುಕೊಂಡಳು. ಬೇರಿನ ಮಣ್ಣನ್ನು ನೆಲಕ್ಕೆ ಬಡಿದು ಕೊಡವಿದಳು.

"ಅಷ್ಟ್ ದೂರಕ್ಕೂ ಒಂದೇ ಒಂದ್ ಸಲಾನೂ ಅಲ್ಲಾಡ್ಲಿಲ್ಲ ಕಣಮ್ಮಿ" ಎಂದಳು. "ನಂಗೂ ಗೊತ್ತಾಗ್ಲಿಲ್ಲ."